ಆಟ ಯಾರಪ್ಪನ ಆಸ್ತಿ?

ಪೇಟೆಯಲ್ಲಿ ಈಗ ಅಕ್ಕರೆಯೂ ಮಾರಾಟಕ್ಕಿದೆ. ಮಗುವನ್ನು ಹೊಡೆಯದ, ಬೈಯದ, ಮಣ್ಣು ಮರಳು ಮಣಿ ಕೊಟ್ಟು ಆಡಿಸುತ್ತಲೇ ಕಲಿಸುವ ಶಾಲೆ ಬೇಕೆಂದರೆ ಬೆಂಗಳೂರಿನಲ್ಲಿದೆ, ಮೈಸೂರಿನಲ್ಲಿದೆ. ಫೀಜು ಕಟ್ಟಬೇಕು, ಅಷ್ಟೆ. ಕೇರಿಯಿಂದ ಮೊದಲ ಸಲ ಓದಿ, ನೌಕರಿ ಹಿಡಿದು, ಪೇಟೆಯಲ್ಲಿ ಬಾಡಿಗೆ ಮನೆ ಮಾಡಿರುವ ನಮ್ಮಂಥವರ ಮುಂದೆ ಒಂದು ಪ್ರಶ್ನೆ ಬಂದು ನಿಂತಿದೆ. ನನ್ನ ಮಗುವಿಗೆ ಇಂಥ ಶಾಲೆಯನ್ನು ಕೊಂಡುಕೊಡುವುದು ಸರಿಯೆ? ಕೊಟ್ಟರೆ, ಕೇರಿಯಲ್ಲೇ ಉಳಿದ ಮಕ್ಕಳಿಗೆ ನಾನೇನು ಹೇಳಲಿ?

ಈ ಮಾತನ್ನು ಕೇರಿಯಲ್ಲಿ ಎತ್ತಿದರೆ ಹಿರಿಯರು ಸಿಟ್ಟಾಗುತ್ತಾರೆ. "ಆಟ ಆಡಕೆ ಇಸ್ಕೂಲ್ಗೆ ಯಾಕ್ಲಾ ಕಳಿಸ್ಬೇಕು? ಬೀದೀಲೇ ಆಡ್ತವಲ್ಲ. ನಾಕಕ್ಸರ ಕಲೀಲಿ ಮೊದ್ಲು" ಅನ್ನುತ್ತಾರೆ. ಇದನ್ನು ಅನಕ್ಷರಸ್ಥರ ಮಾತು ಎಂದು ನಗುವವರು ನಮ್ಮ ಚರಿತ್ರೆಯನ್ನೇ ಅರಿಯದವರು. ಮನೆಯಲ್ಲಿ ಪುಸ್ತಕವಿರುವ ಮಗು ಶಾಲೆಯಲ್ಲಿ ದಿನವೆಲ್ಲ ಆಡಿದರೂ ನಡೆಯುತ್ತದೆ. ಸಂಜೆ ಅಪ್ಪ ಓದಿ ಹೇಳುತ್ತಾನೆ, ಅಮ್ಮ ತಿದ್ದಿಸುತ್ತಾಳೆ. ಕೂಲಿ ಮುಗಿಸಿ ಬಂದ ಅವ್ವನಿಗೆ ಒಲೆ ಹಚ್ಚುವುದೇ ಸಾಕುಸಾಕಾಗಿರುತ್ತದೆ. ನಮ್ಮ ಮಗುವಿಗೆ ಅಕ್ಷರ ಸಿಗಬೇಕಾದರೆ ಶಾಲೆಯಲ್ಲೇ ಸಿಗಬೇಕು. ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂತರು. ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ನೀರೂ ಇಲ್ಲ. ಆ ಅವಮಾನವನ್ನೆಲ್ಲ ನುಂಗಿ ಅವರು ದಕ್ಕಿಸಿಕೊಂಡದ್ದು ಅಕ್ಷರವನ್ನು. ಹಾಗಾಗಿ ಆಟದ ಹೆಸರಿನಲ್ಲಿ ನಮ್ಮ ಮಕ್ಕಳಿಗೆ ಅಕ್ಷರವನ್ನು ತಡಮಾಡುವ ಶಾಲೆ ಎಷ್ಟೇ ಮೆದುವಾಗಿ ಮಾತಾಡಲಿ, ಅದು ಹಳೆಯ ಮೋಸದ ಹೊಸ ರೂಪವೇ.

ಆದರೆ ಹಿರಿಯರ ಮಾತಿಗೆ ಇನ್ನೊಂದು ಮಗ್ಗುಲಿದೆ. ಬೆತ್ತದಿಂದ ನಮಗೆ ಅಕ್ಷರ ಬಂತೆ? ಕೇರಿಯ ಮನೆಮನೆಯಲ್ಲಿ ಕೇಳಿ ನೋಡಿ. ಮೇಷ್ಟ್ರ ಏಟಿಗೆ ಹೆದರಿ ಶಾಲೆ ಬಿಟ್ಟು ಎಮ್ಮೆ ಕಾಯಲು ಹೋದವರು ಎಷ್ಟು ಜನ, ಏಟು ತಿಂದು ಪಂಡಿತರಾದವರು ಎಷ್ಟು ಜನ? ಜಾತಿ ಕಲಿಸುವ ಮೊದಲ ಪಾಠವೇ ಭಯ. ಆರು ವರ್ಷದಲ್ಲಿ ಮೇಷ್ಟ್ರ ಮುಂದೆ ಮುದುಡಲು ಕಲಿತ ಮೈ ಇಪ್ಪತ್ತು ವರ್ಷಕ್ಕೆ ಗೌಡರ ಜಗುಲಿ ಮುಂದೆ ತಾನಾಗಿಯೇ ಮುದುಡುತ್ತದೆ. ಮಗುವಿಗೆ ಹೊಡೆಯಬಾರದು, ಮನಸ್ಸಿಗೂ ಹಿಂಸೆ ಕೊಡಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೇಳುತ್ತದೆ. ಕಲಮು ಪುಸ್ತಕದಲ್ಲಿದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಬಯಲಿಗೆ ಬಂತು. ಹಾಗಾದರೆ ಹಿಂಸೆಯಿಲ್ಲದ ಶಾಲೆಯನ್ನು ಬಯಸುವುದು ಷೋಕಿಯಲ್ಲ. ಅದು ಸ್ವಾಭಿಮಾನದ ಪ್ರಶ್ನೆ.

ಇನ್ನು ಆಡುತ್ತಾ ಕಲಿಯುವುದು ಉಳ್ಳವರ ಪದ್ಧತಿ ಎಂಬ ಮಾತು. ಇದು ಶುದ್ಧ ಸುಳ್ಳು. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ತನ್ನ ಮೊದಲ ಮಕ್ಕಳ ಮನೆಯನ್ನು ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ವಠಾರದಲ್ಲಿ. ತಂದೆತಾಯಿ ಕೂಲಿಗೆ ಹೋದಾಗ ದಿಕ್ಕಿಲ್ಲದೆ ಅಲೆಯುತ್ತಿದ್ದ ಮಕ್ಕಳಿಗಾಗಿ. ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಲ್ಲಿ ಬೋರ್ಡಿ ಎಂಬ ಹಳ್ಳಿಯಲ್ಲಿ ಬಾಲವಾಡಿ ಶುರುಮಾಡಿದರು. ಆಮೇಲೆ ಕೋಸಬಾಡದ ಆದಿವಾಸಿಗಳ ನಡುವೆ ಹೋಗಿ, ದನ ಮೇಯಿಸುವ ಮಕ್ಕಳಿಗೆ ಹುಲ್ಲುಗಾವಲಲ್ಲೇ ಪಾಠ ಹೇಳಿದರು. ನಮ್ಮಲ್ಲಿ 1975ರಲ್ಲಿ ಅಂಗನವಾಡಿ ಮೊದಲು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. 1995ರಲ್ಲಿ ನಲಿ-ಕಲಿ ಹುಟ್ಟಿದ್ದು ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ. ಬಡವರ ಅಂಗಳದಲ್ಲಿ ಬೆಳೆದದ್ದೇ ಬಣ್ಣ ಬಳಿದುಕೊಂಡು, ಇಂಗ್ಲಿಷ್ ಹೆಸರಿಟ್ಟುಕೊಂಡು ಪೇಟೆಯ ಅಂಗಡಿಯಲ್ಲಿ ಕೂತಿದೆ. ನಮ್ಮ ಮಾಲನ್ನೇ ನಮಗೆ ಮಾರುತ್ತಿದ್ದಾರೆ.

ಆಟವಿದ್ದ ಮಾತ್ರಕ್ಕೆ ಜಾತಿ ಹೋಯಿತೆಂದು ನಂಬಬೇಡಿ. ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದರೆ ಗೌಡರ ಮಗಳೂ ಔಟು, ಮಾದರ ಮಗಳೂ ಔಟು. ಒಂದೇ ನಿಯಮ ಎಲ್ಲರಿಗೂ ಎಂಬುದನ್ನು ಮಗು ಸಂವಿಧಾನ ಓದುವ ಮೊದಲು ಕಾಣುವುದು ಅಲ್ಲೇ. ಆದರೆ ಬ್ಯಾಟು ಯಾರ ಕೈಯಲ್ಲಿ, ಮುಳ್ಳಿನ ಬೇಲಿಯೊಳಗೆ ಬಿದ್ದ ಚೆಂಡು ತರುವವನು ಯಾರು ಎಂದು ನೋಡಿದರೆ ಊರಿನ ಆಟದಲ್ಲೂ ಊರೇ ಇರುತ್ತದೆ. ಆದ್ದರಿಂದ ಶಾಲೆ ಹುಡುಕುವ ತಂದೆತಾಯಿ ಗೋಡೆಯ ಚಿತ್ರ ನೋಡಿ ಮರುಳಾಗಬಾರದು. ಕಕ್ಕಸು ತೊಳೆಯುವವರು ಯಾರು? ಆಯಾಳನ್ನು ಮಕ್ಕಳು ಏನೆಂದು ಕರೆಯುತ್ತವೆ? ಬುತ್ತಿಯಲ್ಲಿ ಬಾಡು ತಂದ ಮಗುವನ್ನು ಎಲ್ಲಿ ಕೂರಿಸುತ್ತಾರೆ? ಮೂರನೇ ಕ್ಲಾಸಿನ ಹೊತ್ತಿಗೆ ಮಗು ಸರಾಗ ಓದುತ್ತದೆಯೆ? ಈ ನಾಲ್ಕನ್ನು ಕೇಳಿ. ಶಾಲೆಯ ಮೆದುತನ ಎಷ್ಟು ಆಳಕ್ಕಿದೆಯೆಂದು ಅಲ್ಲಿ ಗೊತ್ತಾಗುತ್ತದೆ.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರವೇನು? ಸಿದ್ಧಾಂತಕ್ಕಾಗಿ ಮಗುವನ್ನು ಏಟಿನ ಶಾಲೆಗೆ ತಳ್ಳಿ ಎಂದು ಯಾರೂ ಹೇಳುವಂತಿಲ್ಲ. ಮಗು ಯಾರ ಹರಕೆಯ ಕುರಿಯೂ ಅಲ್ಲ. ಕೊಳ್ಳುವ ಶಕ್ತಿಯಿದ್ದವರು ಕೊಳ್ಳಲಿ. ಆದರೆ ಕೊಂಡದ್ದನ್ನೇ ವಿಮೋಚನೆ ಎಂದು ಕರೆಯಬೇಡಿ. ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸೀಟು ಬಡ ಮಕ್ಕಳಿಗೆ ಎಂದಿತ್ತು. 2019ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದ ಕಡೆ ಆ ಬಾಗಿಲು ಮುಚ್ಚಿತು. ಸರ್ಕಾರಿ ಶಾಲೆಯೇ ಸಾಕು ಅನ್ನುವುದಾದರೆ ಅಲ್ಲಿ ಸಾಕಷ್ಟು ಮೇಷ್ಟ್ರು ಬೇಡವೆ? ಒಂದರಿಂದ ಮೂರರವರೆಗಿನ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ, ಒಬ್ಬರೇ ಮೇಡಮ್ಮಿನ ಕೈಗೆ ಕಾರ್ಡು ಕೊಟ್ಟು, ಜನಗಣತಿಗೂ ಚುನಾವಣೆಗೂ ಅವರನ್ನೇ ಎಳೆದರೆ ನಲಿಯುವುದೂ ಇಲ್ಲ, ಕಲಿಯುವುದೂ ಇಲ್ಲ.

ಸಂಬಳ ತರುವ ಗೆಳೆಯರೇ, ನಿಮ್ಮ ಮಗುವಿಗೆ ಎಂಥ ಶಾಲೆ ಬೇಕೆಂದು ಗೊತ್ತಿದೆಯಲ್ಲ? ಆ ತಿಳಿವಳಿಕೆಯನ್ನು ನಿಮ್ಮ ಹುಟ್ಟಿದ ಊರಿನ ಶಾಲೆಗೆ ಒಯ್ಯಿರಿ. ಎಸ್‌ಡಿಎಂಸಿ ಸಭೆಯ ದಿನ ಕೇರಿಯ ಅವ್ವಂದಿರ ಜೊತೆ ಹೋಗಿ ಕೂತುಕೊಳ್ಳಿ. ಮೇಷ್ಟ್ರು ಎಷ್ಟು ಜನ, ಆಟದ ಸಾಮಾನು ಎಲ್ಲಿ, ಬೀರುವಿಗೆ ಬೀಗ ಯಾಕೆ, ಬೆತ್ತ ಯಾಕೆ ಎಂದು ಕೇಳಿ. ಬೀರುವಿನ ಬೀಗ ತೆಗೆಸಿಯೇ ಎದ್ದು ಬನ್ನಿ.