ಮನೆಯ ಮುತ್ತೂ ಆಪ್ತವಾಕ್ಯವೂ

ಹಿರಿಯರು ಬಿಟ್ಟುಹೋದ ಚಿನ್ನವನ್ನು ಒರೆಗಲ್ಲಿಗೆ ಹಚ್ಚಲು ಯಾವ ಮನೆಯವರೂ ಹಿಂಜರಿಯುವುದಿಲ್ಲ. ಮುತ್ತಿನ ವಿಷಯದಲ್ಲಿ ಮಾತ್ರ ಪರೀಕ್ಷೆಯೆಂಬ ಮಾತೇ ಅವಿನಯವೆಂದು ತೋರುತ್ತದೆ. “ಇದು ಮುತ್ತಜ್ಜಿಯ ಮದುವೆಗೆ ತಂದ ಬಸ್ರಾ ಮುತ್ತು” ಎಂದು ತಾಯಿ ಹೇಳಿದ ಮೇಲೂ ಮಗಳು ಸರವನ್ನು ಪರೀಕ್ಷಕನ ಕೈಗಿತ್ತರೆ, ಆಕೆ ಶಂಕಿಸಿದುದು ಮುತ್ತನ್ನೋ, ತಾಯಿಯನ್ನೋ?

ನೈಯಾಯಿಕರು ಶಬ್ದವನ್ನೂ ಪ್ರಮಾಣವೆಂದು ಎಣಿಸಿದರು; ಆದರೆ ಆ ಶಬ್ದವು ಆಪ್ತನದಾಗಿರಬೇಕು. ಆಪ್ತನೆಂದರೆ ವಸ್ತುವನ್ನು ಉಳ್ಳಂತೆ ಅರಿತು, ಅರಿತಂತೆ ನುಡಿಯುವವನು. ತಾಯಿಯಲ್ಲಿ ಎರಡನೆಯ ಗುಣವು ಪೂರ್ಣವಾಗಿದೆ, ಮೊದಲನೆಯದು ಅರ್ಧ ಮಾತ್ರ. ಸರವು ಯಾರ ಕೊರಳಲ್ಲಿತ್ತು, ಯಾರಿಂದ ಯಾರಿಗೆ ಬಂದಿತು ಎಂಬುದಕ್ಕೆ ಆಕೆ ಸಾಕ್ಷಿ. ಮುತ್ತು ಹುಟ್ಟಿದ ಕಡಲಿಗೆ ಆಕೆ ಸಾಕ್ಷಿಯಲ್ಲ. ಮಾರಿದವನ ಮಾತನ್ನು ಅತ್ತೆಯ ಬಾಯಿಂದ ಕೇಳಿ ಹೇಳಿದ್ದಾಳೆ. ಅದು ತಪ್ಪಾದರೂ ಅನೃತವಲ್ಲ, ವಂಚಿಸುವ ಬುದ್ಧಿ ಅದರ ಹಿಂದಿಲ್ಲ.

ಪರೀಕ್ಷೆಯು ಹೊಸಗಾಲದ ಚಾಪಲ್ಯವೂ ಅಲ್ಲ. ತಾಮ್ರಪರ್ಣಿ ಮೊದಲಾದ ಆಕರಗಳನ್ನು ಕೌಟಿಲ್ಯನು ಹೆಸರಿಸಿ, ಮುತ್ತಿನ ಗುಣದೋಷಗಳನ್ನೂ ಹೇಳಿದ್ದಾನೆ. ಆನೆ, ಹಾವು, ಮೋಡ, ಬಿದಿರುಗಳಲ್ಲಿಯೂ ಮುತ್ತು ಹುಟ್ಟುವುದೆಂದ ವರಾಹಮಿಹಿರನೂ ಚಿಪ್ಪಿನ ಮುತ್ತಿಗೇ ಹೆಚ್ಚು ಗಮನವಿತ್ತನು. ಮೋಡದ ಮುತ್ತನ್ನು ತೂಗಿ ಮಾರಿದವರು ಯಾರೂ ಇಲ್ಲವಷ್ಟೆ!

ಹಿಂದಿನವರು ಅಂಜಿದುದು ಕೃತಕ ಮುತ್ತಿಗೆ. ಇಂದಿನ ಸಂದೇಹ ಬೇರೆ. ಜಪಾನಿನ ಮಿಕಿಮೊಟೊ ಎಂಬವನು 1893ರಲ್ಲಿ ಅರೆಮುತ್ತನ್ನು ಸಾಕಿ ಬೆಳೆಸಿದನು. 1921ರ ಹೊತ್ತಿಗೆ ದುಂಡು ಸಾಕುಮುತ್ತು ಲಂಡನ್ನಿನ ಪೇಟೆಗೆ ಬಂದು ವರ್ತಕರನ್ನು ಬೆಚ್ಚಿಬೀಳಿಸಿತು. ಚಿಪ್ಪಿನಿಂದ ಕಡೆದ ಮಣಿಯೊಂದನ್ನು ಸಿಂಪಿಯೊಳಗಿಟ್ಟರೆ ಪ್ರಾಣಿಯು ಅದರ ಮೇಲೆ ಮುತ್ತಿನ ಪದರಗಳನ್ನೇ ಸುರಿಸುತ್ತದೆ. ಆದುದರಿಂದ ಹಲ್ಲಿಗೆ ಉಜ್ಜಿ ತರಿಯಾಯಿತೆಂದು ಸಂತೋಷಪಡುವವರು ಗಾಜಿನ ಮಣಿಯಲ್ಲವೆಂದಷ್ಟೇ ತಿಳಿದಂತಾಯಿತು; ಸಹಜವೋ ಸಾಕಿದುದೋ ತಿಳಿಯಲಿಲ್ಲ. ಹಳದಿ ಬಣ್ಣವಂತೂ ಸವ್ಯಭಿಚಾರ ಹೇತು. ಬೆವರು, ಎಣ್ಣೆ, ಗಂಧಗಳು ಹೊಸ ಮುತ್ತನ್ನೂ ಮಂಕಾಗಿಸುತ್ತವೆ. ರಂಧ್ರದೊಳಕ್ಕೆ ಭೂತಗನ್ನಡಿಯಿಂದ ನೋಡಿದಾಗ ಪದರಕ್ಕೂ ಮಣಿಗೂ ನಡುವೆ ಗೆರೆ ಕಂಡರೆ ಅದು ಬಲವಾದ ಲಿಂಗ. ನಿರ್ಣಯಕ್ಕೆ ಕ್ಷಕಿರಣ ಬೇಕು.

ಕಾಲನಿರ್ಣಯದಲ್ಲಿ ಇನ್ನೂ ಎಚ್ಚರ ಬೇಕು. ದಾರ ಹರಿದಾಗಲೆಲ್ಲ ಸರವನ್ನು ಮರಳಿ ಪೋಣಿಸಿರುತ್ತಾರೆ. ಕಳೆದ ಮುತ್ತಿಗೆ ಬದಲು ಹೊಸದೊಂದು ಸೇರಿರಬಹುದು. ಕೊಂಡಿ ಹಳೆಯದಾದ ಮಾತ್ರಕ್ಕೆ ಮುತ್ತು ಹಳೆಯದಲ್ಲ. 2000ದಲ್ಲಿ ಮೊದಲಾದ ಬಿಐಎಸ್ ಮುದ್ರೆ ಕೊಂಡಿಯ ಮೇಲಿದ್ದ ಮಾತ್ರಕ್ಕೆ ಮುತ್ತು ಹೊಸದೂ ಅಲ್ಲ. ಒಂದು ಸಾಕುಮುತ್ತು ಸಿಕ್ಕಿದರೆ ಇಡೀ ಸರವನ್ನು ದೂಷಿಸಲಾಗದು. ಎಲ್ಲವೂ ಮಣಿಯುಳ್ಳ ದುಂಡು ಸಾಕುಮುತ್ತುಗಳೇ ಆದರೆ, 1890ರ ಮದುವೆಯ ಕಥೆ ಈ ಮುತ್ತುಗಳಿಗೆ ಹೊಂದದು.

ಸರವು ಪೆಟ್ಟಿಗೆಯಲ್ಲಿರುವವರೆಗೆ ಇದು ಕುತೂಹಲ ಮಾತ್ರ. ಪಾಲಿನ ದಿನ ಧರ್ಮಪ್ರಶ್ನೆಯಾಗುತ್ತದೆ. ಅಕ್ಕನಿಗೆ ಬಸ್ರಾ ಮುತ್ತೆಂದು ಸರ, ತಂಗಿಗೆ ಅದಕ್ಕೆ ಸಮನೆಂದು ಚಿನ್ನ ಎಂದು ಒಪ್ಪಿಕೊಂಡರೆನ್ನೋಣ. ಸಹಜಮುತ್ತಿಗೂ ಸಾಕುಮುತ್ತಿಗೂ ಬೆಲೆಯಲ್ಲಿ ಅನೇಕ ಪಟ್ಟು ಅಂತರವುಂಟು. ಗೌರವದ ಹೆಸರಿನಲ್ಲಿ ಪರೀಕ್ಷೆಯನ್ನು ತಡೆದರೆ, ಆ ಗೌರವದ ಬೆಲೆಯನ್ನು ಒಬ್ಬಳೇ ತೆರಬೇಕಾಗುತ್ತದೆ. ಇಬ್ಬರೂ ಅರಿತು, ವೆಚ್ಚವನ್ನು ಹಂಚಿಕೊಂಡು, ಪಾಲಿಗೆ ಮೊದಲೇ ನೋಡಿಸುವುದು ನ್ಯಾಯ. ಗುಟ್ಟಾಗಿ ನೋಡಿಸಿ ಫಲವನ್ನು ಬಚ್ಚಿಟ್ಟುಕೊಂಡವಳು ಬಾಯಿಂದ ಸುಳ್ಳಾಡದಿದ್ದರೂ ಮೌನದಿಂದ ಆಡಿದಳು. ಪಾಲಾದ ಮೇಲೆ ಸರವು ಊಹೆಗಿಂತ ಅಮೂಲ್ಯವೆಂದು ತಿಳಿದ ಅಕ್ಕನ ಸ್ಥಿತಿ ಎಲ್ಲಕ್ಕಿಂತ ಕಠಿನ. ಕಾಯಿದೆ ಆಕೆಯನ್ನು ಕೇಳದಿರಬಹುದು. ತಂಗಿಗೆ ತಿಳಿಸದೆ ಆ ಸರವನ್ನು ಮಾರುವುದು ಮಾತ್ರ ಸಲ್ಲದು.

ತಾಯಿ ಬದುಕಿರುವಾಗ ಮುತ್ತು ಸಾಕಿದುದೆಂದು ತಿಳಿದರೆ, ಪಾಲಿನ ಪ್ರಶ್ನೆಯಿಲ್ಲದಿದ್ದಲ್ಲಿ, ಆಕೆ ಕೇಳದೆ ಹೇಳಬೇಕಾದ ನಿರ್ಬಂಧವಿಲ್ಲ. ಕೇಳಿದರೆ ಹೇಳತಕ್ಕದ್ದು. ಆಕೆ ಹೇಳುವ ಕೊರಳುಗಳ ಕಥೆಯನ್ನು ಬರೆದು ಪೆಟ್ಟಿಗೆಯಲ್ಲಿಡತಕ್ಕದ್ದು; ಕ್ಷಕಿರಣದಲ್ಲಿ ಅದು ಕಾಣುವುದಿಲ್ಲ.