ತಾಳೆಯಾದ ಲೆಕ್ಕ ಮತ್ತು ಉಳಿದ ತಪ್ಪು

ಮನುಷ್ಯನಿಂದ ತಪ್ಪು ಸಂಭವಿಸುವುದು ಸಹಜವೆಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ತಪ್ಪು ಗೋಚರವಾದ ಮೇಲೆ ಮಾಡತಕ್ಕದ್ದೇನು ಎಂಬ ವಿಷಯದಲ್ಲಿ ಅಷ್ಟು ಏಕಾಭಿಪ್ರಾಯವಿಲ್ಲ. ಹಿಂದಿರುಗಿ ಹೋಗಿ ಅದನ್ನು ಮೂಲದಲ್ಲಿಯೇ ಸರಿಪಡಿಸಬೇಕೆ? ಮುಂದಿನ ಸತ್ಕಾರ್ಯದಿಂದ ತುಂಬಿಕೊಟ್ಟರೆ ಸಾಲದೆ? ಯಾರ ಕಣ್ಣಿಗೂ ಬೀಳದಿದ್ದರೆ ಹಾಗೆಯೇ ಬಿಡಬಹುದೆ? ಈ ಪ್ರಶ್ನೆಗಳನ್ನು ದೊಡ್ಡ ಪಾಪಗಳ ಉದಾಹರಣೆಯಿಂದ ಪರಿಶೀಲಿಸಲು ಹೊರಟರೆ ಭಯವೋ ಅಭಿಮಾನವೋ ಅಡ್ಡ ಬರುತ್ತದೆ. ಆದುದರಿಂದ ಯಾರ ಮಾನಕ್ಕೂ ಕುಂದು ತಾರದ ಒಂದು ಸಣ್ಣ ಕೆಲಸವನ್ನು ಆರಿಸಿಕೊಂಡು ನೋಡುವುದು ಒಳಿತು. ಉಣ್ಣೆಯ ನೂಲಿನಿಂದ ಹೆಣೆಯಲು ಕಲಿಯುವುದು ಅಂತಹ ಒಂದು ಕೆಲಸ.

ಹೆಸರಘಟ್ಟದ ಒಂದು ಮನೆಯಲ್ಲಿ, ಪುಷ್ಯಮಾಸದ ಚಳಿಯಲ್ಲಿ, ಹತ್ತು ವರ್ಷದ ಬಾಲಕಿಯೊಬ್ಬಳು ಅಜ್ಜಿಯ ಪಕ್ಕದಲ್ಲಿ ಕುಳಿತು ತನ್ನ ಮೊದಲ ಮಫ್ಲರನ್ನು ಹೆಣೆಯತೊಡಗುತ್ತಾಳೆಂದು ಭಾವಿಸಿಕೊಳ್ಳಬಹುದು. ಬೇಕಾದ ಸಾಮಗ್ರಿ ಅಲ್ಪವೇ: ಎಂಟನೆಯ ನಂಬರಿನ ಎರಡು ಕಡ್ಡಿ, ತಿಳಿ ಬಣ್ಣದ ಉಣ್ಣೆಯ ಒಂದೆರಡು ಉಂಡೆ. ಕಪ್ಪು ನೂಲಿನಲ್ಲಿ ಕುಣಿಕೆಗಳು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಕಲಿಯುವವರಿಗೆ ತಿಳಿ ಬಣ್ಣವೇ ಹಿತ. ಅಜ್ಜಿ ಒಂದು ಕಡ್ಡಿಯ ಮೇಲೆ ಮೂವತ್ತು ಕುಣಿಕೆಗಳನ್ನು ಏರಿಸಿಕೊಡುತ್ತಾಳೆ; ಬಟ್ಟೆಯ ಅಗಲ ಸುಮಾರು ಅರ್ಧ ಅಡಿಯಾಗುತ್ತದೆ. ಎರಡನೆಯ ಕಡ್ಡಿಯನ್ನು ಕುಣಿಕೆಯೊಳಗೆ ತೂರಿಸುವುದು, ನೂಲನ್ನು ಸುತ್ತುವುದು, ಹೊಸ ಕುಣಿಕೆಯನ್ನು ಈಚೆಗೆ ಎಳೆಯುವುದು, ಹಳೆಯದನ್ನು ಕಡ್ಡಿಯಿಂದ ಜಾರಿಸುವುದು, ಈ ನಾಲ್ಕು ಚಲನೆಗಳಲ್ಲಿ ಸೀದಾ ಹೆಣಿಗೆ ಮುಗಿಯಿತು. ನೂಲನ್ನು ಮುಂದಕ್ಕೆ ತಂದು ಇದನ್ನೇ ವಿರುದ್ಧ ದಿಕ್ಕಿನಲ್ಲಿ ಮಾಡಿದರೆ ಉಲ್ಟಾ ಹೆಣಿಗೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ಮುಖ ನಯವಾಗುತ್ತದೆ, ಆದರೆ ಅಂಚು ಸುರುಳಿಕೊಳ್ಳುತ್ತದೆ. ಎಲ್ಲ ಸಾಲುಗಳನ್ನೂ ಸೀದಾ ಹೆಣೆದರೆ ಬಟ್ಟೆ ಸುರುಳಿಕೊಳ್ಳದೆ ಸಮನಾಗಿ ನಿಲ್ಲುತ್ತದೆ. ಮೊದಲ ಮಫ್ಲರಿಗೆ ಇಷ್ಟೇ ಸಾಕು.

ಹೆಣಿಗೆಗೂ ನೇಯ್ಗೆಗೂ ಇರುವ ಒಂದು ಭೇದವನ್ನು ಇಲ್ಲಿ ಗಮನಿಸಬೇಕು. ನಮ್ಮ ನಾಡಿನ ಉಣ್ಣೆಯ ಪ್ರಾಚೀನ ಉಡುಗೆಯಾದ ಕಂಬಳಿಯನ್ನು ಕುರುಬ ಸಮಾಜದವರು ಹಾಸು ಹೊಕ್ಕುಗಳಿಂದ ನೇಯುತ್ತಾರೆ. ಹುಣಿಸೆ ಬೀಜದ ಗಂಜಿಯನ್ನು ಉಣಿಸಿ ಬಿಗಿಗೊಳಿಸಿದ ಆ ನೂಲಿನ ಬಟ್ಟೆಯನ್ನು ಒಂದು ತುದಿ ಹಿಡಿದು ಎಳೆದು ಬಿಚ್ಚಲಾಗದು. ಹೆಣಿಗೆಯಾದರೋ ಒಂದೇ ಅಖಂಡ ನೂಲಿನ ಕುಣಿಕೆಗಳ ಸಂತತಿ. ಪ್ರತಿಯೊಂದು ಕುಣಿಕೆಯೂ ತನ್ನ ಕೆಳಗಿನ ಕುಣಿಕೆಯನ್ನು ಹಿಡಿದುಕೊಂಡು, ಮೇಲಿನ ಕುಣಿಕೆಯಿಂದ ತಾನು ಹಿಡಿಯಲ್ಪಟ್ಟಿರುತ್ತದೆ. ಆದುದರಿಂದಲೇ ಒಂದು ಕುಣಿಕೆ ಕಡ್ಡಿಯಿಂದ ಜಾರಿ ಬಿದ್ದರೆ ಅದರ ಕೆಳಗಿನವು ಏಣಿಯ ಮೆಟ್ಟಿಲಿನಂತೆ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಆದುದರಿಂದಲೇ ಬೇಕೆಂದಾಗ ಇಡಿಯ ಬಟ್ಟೆಯನ್ನು ಬಿಚ್ಚಿ ಪುನಃ ಉಂಡೆ ಮಾಡಲೂ ಸಾಧ್ಯ.

ಹತ್ತು ಸಾಲು ಕಳೆಯುವಷ್ಟರಲ್ಲಿ ಬಾಲಕಿಯ ಕೈಯಿಂದ ಒಂದು ಕುಣಿಕೆ ಜಾರುತ್ತದೆ. ಅದು ಅವಳಿಗೆ ತಿಳಿಯುವುದಿಲ್ಲ. ಮುಂದೆ ಎಣಿಸಿದಾಗ ಇಪ್ಪತ್ತೊಂಬತ್ತು ಬರುತ್ತದೆ. ಅಜ್ಜಿ ಅಡಿಗೆಮನೆಯಲ್ಲಿದ್ದಾಳೆ. ನೂಲನ್ನು ಕಡ್ಡಿಯ ಮೇಲೆ ಸುಮ್ಮನೆ ಒಂದು ಸುತ್ತು ಹಾಕಿದರೆ ಹೊಸದೊಂದು ಕುಣಿಕೆ ಹುಟ್ಟುತ್ತದೆಂಬುದು ಅವಳಿಗೆ ಆಕಸ್ಮಿಕವಾಗಿ ಗೊತ್ತಾಗಿದೆ. ಹಾಗೆಯೇ ಮಾಡುತ್ತಾಳೆ. "ಎಣಿಸಿ ನೋಡಜ್ಜಿ, ಮೂವತ್ತೇ ಇದೆ" ಎಂದು ತೋರಿಸುತ್ತಾಳೆ. ಅವಳ ಮಾತು ಸುಳ್ಳಲ್ಲ. ಎಣಿಕೆ ಸರಿಯಾಗಿದೆ. ಆದರೆ ಬಟ್ಟೆಯಲ್ಲಿ ಈಗ ಒಂದರ ಬದಲು ಎರಡು ದೋಷಗಳಿವೆ: ಕೆಳಗೆ ಕಳಚಿಕೊಳ್ಳುತ್ತಿರುವ ಕುಣಿಕೆಯೊಂದು, ಮೇಲೆ ಸುತ್ತು ಹಾಕಿದಲ್ಲಿ ಉಂಟಾದ ತೂತೊಂದು.

ಲೆಕ್ಕಶಾಸ್ತ್ರವನ್ನು ಬಲ್ಲವರಿಗೆ ಈ ಸ್ಥಿತಿ ಅಪರಿಚಿತವಲ್ಲ. ವರ್ಷಾಂತ್ಯದಲ್ಲಿ ತಾಳೆಪಟ್ಟಿಯ ಎರಡೂ ಕಡೆಯ ಮೊತ್ತಗಳು ಸಮನಾದರೆ ಗುಮಾಸ್ತನು ನಿಟ್ಟುಸಿರು ಬಿಡುತ್ತಾನೆ. ಆದರೆ ತಾಳೆಯಾದ ಮಾತ್ರಕ್ಕೆ ಲೆಕ್ಕ ಸತ್ಯವೆಂದು ಹೇಳಲಾಗದು. ಒಬ್ಬ ಗಿರಾಕಿಯ ಖಾತೆಗೆ ನೂರು ರೂಪಾಯಿ ಕಡಿಮೆ ಖರ್ಚು ಬರೆದು, ಇನ್ನೊಬ್ಬನ ಖಾತೆಗೆ ನೂರು ರೂಪಾಯಿ ಹೆಚ್ಚು ಬರೆದರೂ ಮೊತ್ತಗಳು ಸಮನಾಗಿಯೇ ಇರುತ್ತವೆ. ಇವನ್ನು ಪರಸ್ಪರ ಸರಿದೂಗಿಸುವ ತಪ್ಪುಗಳೆಂದು ವಾಣಿಜ್ಯದ ವಿದ್ಯಾರ್ಥಿಗಳಿಗೆ ಪಾಠ ಹೇಳಲಾಗುತ್ತದೆ. ಒಟ್ಟು ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಆದರೆ ಇಬ್ಬರು ಮನುಷ್ಯರಿಗೆ ಅವರವರ ನ್ಯಾಯ ದೊರೆತಿಲ್ಲ.

ವ್ಯಾಪಾರಿಯ ಬದುಕಿನಲ್ಲಿ ಇದರ ನೈತಿಕ ರೂಪ ಬಹು ಸುಲಭವಾಗಿ ಕಾಣಿಸಿಕೊಳ್ಳುತ್ತದೆ. ತೂಕದಲ್ಲಿ ಸ್ವಲ್ಪ ಕಡಿಮೆ ಕೊಟ್ಟವನು, ಕೂಲಿಯವನ ದಿನಗೂಲಿಯಲ್ಲಿ ಸ್ವಲ್ಪ ಹಿಡಿದುಕೊಂಡವನು, ಪರ್ವದಿನದಂದು ಬಸದಿಗೆ ಅದರ ಹತ್ತರಷ್ಟು ಕಾಣಿಕೆ ಸಲ್ಲಿಸುತ್ತಾನೆ. ದಾನ ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತೂಕ ಕಳೆದುಕೊಂಡವನು ಯಾರು, ಕಾಣಿಕೆ ಪಡೆದವರು ಯಾರು? ಕೊಡಬೇಕಾದಲ್ಲಿ ಕೊಡದೆ ಮತ್ತೊಂದೆಡೆ ಕೊಟ್ಟದ್ದು ಬಾಲಕಿಯು ಹಾಕಿದ ಸುತ್ತಿನಂತೆ ಎಣಿಕೆಯನ್ನು ಸರಿಪಡಿಸುತ್ತದೆ, ಕಳಚಿದ ಕುಣಿಕೆಯನ್ನು ಹಿಡಿಯುವುದಿಲ್ಲ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಆ ಅತಿಚಾರವು ನಡೆದುದು ಗಿರಾಕಿಯ ಎದುರಿನ ತಕ್ಕಡಿಯಲ್ಲಿ. ಅದರ ತಿದ್ದುಪಡಿಯೂ ಅವನ ಬಳಿಯಲ್ಲಿಯೇ ಆರಂಭವಾಗಬೇಕು. ಅವನು ಸಿಕ್ಕುವ ಸಂಭವವೇ ಇಲ್ಲದಿದ್ದಾಗ ಮಾತ್ರ ದಾನವು ಆ ಸ್ಥಾನದಲ್ಲಿ ನಿಲ್ಲಬಹುದು. ಆಗಲೂ ಅದು ಋಣದ ಪಾವತಿಯೇ ಹೊರತು ಪುಣ್ಯದ ಗಳಿಕೆಯಲ್ಲ.

ಹಾಗಾದರೆ ಪ್ರತಿಯೊಂದು ತಪ್ಪಿಗೂ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಆರಂಭಿಸಬೇಕೆ? ಹೆಣಿಗೆ ಹಾಗೆ ಹೇಳುವುದಿಲ್ಲ. ಈಗತಾನೆ ಆದ ತಪ್ಪಾದರೆ ಕಡ್ಡಿಯನ್ನು ಹೊರತೆಗೆಯದೆಯೇ ಒಂದೊಂದು ಕುಣಿಕೆಯನ್ನು ಹಿಂದಕ್ಕೆ ಬಿಡಿಸುತ್ತ ಹೋದರೆ ಸಾಕು. ಒಂದೇ ಕುಣಿಕೆ ಕಳಚಿ ಕೆಳಗಿಳಿದಿದ್ದರೆ ಕ್ರೋಶಾ ಕಡ್ಡಿಯ ಕೊಕ್ಕೆಯಿಂದ ಅದನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರಿಸಬಹುದು; ಅಕ್ಕಪಕ್ಕದ ಕುಣಿಕೆಗಳನ್ನು ಮುಟ್ಟುವ ಅವಶ್ಯಕತೆಯಿಲ್ಲ. ಹಲವು ಸಾಲುಗಳಲ್ಲಿ ದೋಷ ಹರಡಿದ್ದರೆ ಮಾತ್ರ ಕಡ್ಡಿಯನ್ನು ಎಳೆದು ಅಷ್ಟನ್ನೂ ಬಿಚ್ಚಬೇಕಾಗುತ್ತದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತವನ್ನು ಒಂಬತ್ತು ಬಗೆಯಾಗಿ ವಿಂಗಡಿಸಿರುವುದು ಇಲ್ಲಿ ಸ್ಮರಣೀಯ. ಗುರುವಿನ ಮುಂದೆ ದೋಷವನ್ನು ನಿವೇದಿಸುವ ಆಲೋಚನೆ ಮೊದಲನೆಯದು, ಪ್ರತಿಕ್ರಮಣ ಎರಡನೆಯದು, ಇವೆರಡೂ ಕೂಡಿದುದು ಮೂರನೆಯದು. ಹೀಗೆ ಮುಂದುವರಿದು ದೀಕ್ಷೆಯನ್ನೇ ಹೊಸದಾಗಿ ಕೊಡುವವರೆಗೆ ಆ ಕ್ರಮ ಸಾಗುತ್ತದೆ. ದೋಷ ಎಷ್ಟೋ ಪರಿಹಾರವೂ ಅಷ್ಟು ಎಂಬುದು ಅದರ ತಾತ್ಪರ್ಯ.

ಇನ್ನು ಹಾಗೆಯೇ ಬಿಡಬಹುದಾದ ತಪ್ಪುಗಳೂ ಇವೆ. ಒಂದು ಕುಣಿಕೆ ತಿರುಚಿಕೊಂಡು ಹೆಣೆಯಲ್ಪಟ್ಟರೆ ಅದು ನೋಡುವುದಕ್ಕೆ ಸ್ವಲ್ಪ ಓರೆಯಾಗಿರುತ್ತದೆ, ಅಷ್ಟೆ. ಅದು ಬೆಳೆಯುವುದಿಲ್ಲ, ಪಕ್ಕದ್ದನ್ನು ಕೆಡಿಸುವುದಿಲ್ಲ. ಇದಕ್ಕಾಗಿ ಇಪ್ಪತ್ತು ಸಾಲು ಬಿಚ್ಚುವವನು ಶುದ್ಧಿಯನ್ನು ಬಯಸುವುದಕ್ಕಿಂತ ಹೆಚ್ಚಾಗಿ ತನ್ನ ಕುಶಲತೆಯ ಕೀರ್ತಿಯನ್ನು ಬಯಸುತ್ತಿರಬಹುದು. ಬಿಚ್ಚುತ್ತಲೇ ಕುಳಿತವನ ಮಫ್ಲರು ಯಾರ ಕೊರಳನ್ನೂ ಸೇರುವುದಿಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು. ಈ ತಪ್ಪು ಇದ್ದಲ್ಲಿಯೇ ಇರುವುದೋ, ಕೆಳಗಿಳಿಯುತ್ತ ಹೋಗುವುದೋ? ಇದರ ನಷ್ಟವನ್ನು ಮಾಡಿದವನು ಹೊರುತ್ತಾನೋ, ಬೇರೆಯವರು ಹೊರುತ್ತಾರೋ? ಇದ್ದಲ್ಲಿಯೇ ಇರುವ, ತನಗಷ್ಟೇ ಸಂಬಂಧಿಸಿದ ಓರೆಕೋರೆಗಳನ್ನು ಸಹಿಸಿಕೊಳ್ಳಬಹುದು. ಉಳಿದವುಗಳಲ್ಲಿ ತಡಮಾಡಿದಷ್ಟೂ ಬಿಚ್ಚಬೇಕಾದ ಸಾಲುಗಳು ಹೆಚ್ಚುತ್ತವೆ.

ಹೆಣಿಗೆಯ ಉಪಮೆಗೆ ಒಂದು ಎಲ್ಲೆಯುಂಟು. ಬಿಚ್ಚಿದ ನೂಲು ಡೊಂಕುಡೊಂಕಾಗಿದ್ದರೂ ನೀರಿನಲ್ಲಿ ನೆನೆಸಿ ಒಣಗಿಸಿದರೆ ನೇರವಾಗುತ್ತದೆ. ತಪ್ಪಿನ ಗುರುತು ಉಳಿಯುವುದಿಲ್ಲ. ಲೋಕದ ಎಲ್ಲ ತಪ್ಪುಗಳು ಹೀಗಿಲ್ಲ. ಆಡಿದ ಮಾತು ಕೇಳಿದವನ ಮನಸ್ಸಿನಿಂದ ಹಿಂದಿರುಗಿ ಬರುವುದಿಲ್ಲ. ಹೆಸರಘಟ್ಟದಲ್ಲಿಯೇ ಇದಕ್ಕೊಂದು ನಿದರ್ಶನವಿದೆ. 1894ರಲ್ಲಿ ಬೆಂಗಳೂರಿನ ನೀರಿನ ಅಗತ್ಯಕ್ಕಾಗಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆಯ ಸುತ್ತ ವಿಶಾಲವಾದ ಹುಲ್ಲುಗಾವಲು ಹಬ್ಬಿದೆ. ನೋಡುವವರಿಗೆ ಬರಿಯ ಬಯಲು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ, ಅಸಂಖ್ಯ ಸಣ್ಣ ಜೀವಿಗಳಿಗೆ ಅದೇ ಮನೆ. ಒಮ್ಮೆ ಅಗೆದು ಕಟ್ಟಡ ಕಟ್ಟಿದರೆ ಆ ನೆಲವನ್ನು ನೂಲಿನಂತೆ ಬಿಚ್ಚಿ ಪುನಃ ಹುಲ್ಲುಗಾವಲು ಮಾಡಲಾಗದು. ಐದು ಸಾವಿರ ಎಕರೆಗೂ ಮಿಕ್ಕ ಆ ಪ್ರದೇಶವನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿಗೆ ನೀಡಿತು. ಬಿಚ್ಚಲಾಗದ ತಪ್ಪಿಗೆ ಮುಂಜಾಗ್ರತೆಯೇ ಮುಖ್ಯ ಪರಿಹಾರ.

ಮುಂಜಾಗ್ರತೆ ಮೀರಿ ಅಂತಹ ತಪ್ಪು ನಡೆದುಹೋದರೆ, ಆಗ ಖಾತೆ ಪುಸ್ತಕದ ನಿಯಮವನ್ನು ಅನುಸರಿಸಬೇಕು. ಕಿರ್ದಿಯಲ್ಲಿ ತಪ್ಪು ಬರೆದ ಗುಮಾಸ್ತನು ಅದನ್ನು ಕೆರೆದು ಅಳಿಸುವಂತಿಲ್ಲ. ಹಳೆಯ ಬರಹವನ್ನು ಕಾಣುವಂತೆಯೇ ಉಳಿಸಿ, ತಿದ್ದುಪಡಿಯ ಹೊಸ ನಮೂದನ್ನು ಕಾರಣಸಹಿತ ಬರೆಯಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರದ ಕಂಪ್ಯೂಟರ್ ತಂತ್ರಾಂಶವೂ ಪ್ರತಿಯೊಂದು ಬದಲಾವಣೆಯ ಜಾಡನ್ನು ಉಳಿಸಿಕೊಳ್ಳಲೇಬೇಕೆಂದು ಕಾನೂನು ವಿಧಿಸಿದೆ. ಅನ್ಯರಿಗೆ ಸಂಬಂಧಿಸಿದ ತಪ್ಪನ್ನು ಗುಟ್ಟಾಗಿ ಅಳಿಸುವುದು ಎರಡನೆಯ ತಪ್ಪು. ನಡೆದುದನ್ನು ಒಪ್ಪಿ, ಅದರ ಕೆಳಗೆ ತಿದ್ದುಪಡಿಯನ್ನು ಬರೆಯುವುದೇ ಪ್ರಾಮಾಣಿಕ ಮಾರ್ಗ.

ಈ ದೃಷ್ಟಿಯಿಂದ ಅಜ್ಜಿಯ ಕರ್ತವ್ಯವನ್ನೂ ವಿಚಾರಿಸಬೇಕು. ಮೊಮ್ಮಗಳು ನಿದ್ರಿಸಿದ ಮೇಲೆ ಹತ್ತು ಸಾಲು ಬಿಚ್ಚಿ, ಸರಿಯಾಗಿ ಹೆಣೆದಿಟ್ಟು, ಬೆಳಿಗ್ಗೆ ಏನೂ ಅರಿಯದವಳಂತೆ ಇರುವುದು ಅವಳಿಗೆ ಕ್ಷಣದ ಕೆಲಸ. ಅದರ ಹಿಂದಿರುವುದು ವಾತ್ಸಲ್ಯವೇ. ಆದರೆ ಮಗುವಿಗೆ ದೊರೆಯುವುದು ತನ್ನ ಎಣಿಕೆಯೇ ಸತ್ಯವೆಂಬ ಭ್ರಮೆ. ದೊಡ್ಡ ಮನೆತನಗಳಲ್ಲಿ, ಅಂಗಡಿಗಳಲ್ಲಿ ಮಕ್ಕಳ ಸಾಲವನ್ನು ಗುಟ್ಟಾಗಿ ತೀರಿಸುತ್ತ ಹೋದ ಹಿರಿಯರು ಕೊನೆಗೆ ಮಕ್ಕಳನ್ನೂ ಮನೆತನವನ್ನೂ ಕಳೆದುಕೊಂಡ ದೃಷ್ಟಾಂತಗಳು ವಿರಳವಲ್ಲ. ಗದರಿಸುವುದೂ ಸಲ್ಲದು, ಗದರಿಕೆಗೆ ಅಂಜಿದ ಮಗು ತಪ್ಪನ್ನು ಮುಚ್ಚುವುದನ್ನು ಇನ್ನೂ ಚೆನ್ನಾಗಿ ಕಲಿಯುತ್ತದೆ. ತೂತನ್ನು ಬೆರಳಿಟ್ಟು ತೋರಿಸಿ, "ಇದು ಎಲ್ಲಿಂದ ಶುರುವಾಯಿತು ನೋಡೋಣ ಮಗಳೆ" ಎಂದು ಜೊತೆಯಲ್ಲಿ ಕುಳಿತು, ಬಿಚ್ಚುವ ಕೈ ಮಗುವಿನದೇ ಆಗಿರುವಂತೆ ನೋಡಿಕೊಳ್ಳುವುದು ಉಚಿತ. ಮಾಡಿದವರೇ ಬಿಚ್ಚಬೇಕು, ಆದರೆ ಒಂಟಿಯಾಗಿ ಬಿಚ್ಚಬೇಕಾಗಿಲ್ಲ.

ಅನುಭವಸ್ಥರು ಇನ್ನೊಂದು ಉಪಾಯವನ್ನು ಬಲ್ಲರು. ಒಂದು ಸಾಲು ಸರಿಯಾಗಿದೆಯೆಂದು ಎಣಿಸಿ ಖಚಿತಪಡಿಸಿಕೊಂಡ ಮೇಲೆ, ಅದರ ಎಲ್ಲ ಕುಣಿಕೆಗಳೊಳಗೂ ಬೇರೆ ಬಣ್ಣದ ಒಂದು ನೂಲನ್ನು ಸೂಜಿಯಿಂದ ಹಾಯಿಸಿಬಿಡುತ್ತಾರೆ. ಮುಂದೆ ಎಷ್ಟೇ ಬಿಚ್ಚಬೇಕಾಗಿ ಬಂದರೂ ಆ ನೂಲಿನ ಬಳಿ ಬಂದು ಎಲ್ಲವೂ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ನಷ್ಟವಿಲ್ಲ. ಶ್ರಾವಕನು ಸ್ವೀಕರಿಸುವ ಅಣುವ್ರತವೂ ಇಂತಹುದೇ. ವ್ರತವನ್ನು ತೊಟ್ಟವನು ಇನ್ನು ಮುಂದೆ ತಪ್ಪುವುದೇ ಇಲ್ಲವೆಂದು ಅದರ ಅರ್ಥವಲ್ಲ. ತಪ್ಪಿದಾಗ ಎಲ್ಲಿಯವರೆಗೆ ಹಿಂದಿರುಗಬೇಕೆಂಬುದು ಅವನಿಗೆ ಗೊತ್ತಿರುತ್ತದೆ. ಅಂತಹ ಗುರುತಿಲ್ಲದವನು ಬಿಚ್ಚಲು ಹೆದರುತ್ತಾನೆ, ಹೆದರಿದವನು ಎಣಿಕೆಯನ್ನು ಮಾತ್ರ ಸರಿಪಡಿಸಿಕೊಂಡು ಮುಂದೆ ಹೋಗುತ್ತಾನೆ.

ದಿನದ ಕೊನೆಯಲ್ಲಿ ಅಂಗಡಿಯ ಬಾಗಿಲು ಹಾಕುವ ಮುನ್ನ ಲೆಕ್ಕ ತಾಳೆಯಾಯಿತೇ ಎಂದು ನೋಡುವ ಅಭ್ಯಾಸ ವ್ಯಾಪಾರಿಗಳೆಲ್ಲರಿಗೂ ಇದೆ. ಯಾವ ಖಾತೆಯಲ್ಲಿ ಯಾರಿಗೆ ಸಲ್ಲಬೇಕಾದುದು ಸಂದಿಲ್ಲವೆಂದು ಹೆಸರು ಹಿಡಿದು ನೋಡುವ ಅಭ್ಯಾಸವನ್ನೂ ಅದರೊಡನೆ ಸೇರಿಸಿಕೊಂಡರೆ ಗೃಹಸ್ಥನ ಪ್ರತಿಕ್ರಮಣವು ಅಲ್ಲಿಂದಲೇ ಪ್ರಾರಂಭವಾಗುತ್ತದೆ.