ಯಾವ ವರ್ಷದ ಎಂಜಿನ್?

ನನ್ನ ಮೇಜಿನ ಮೇಲೆ ಮೂರು ವಾರದಿಂದ ಒಂದು ರೈಲು ಎಂಜಿನ್ ಬರಿಮೈಯಲ್ಲಿ ನಿಂತಿದೆ. ಉದ್ದ ಒಂದು ಗೇಣಿಗಿಂತ ತುಸು ಹೆಚ್ಚು, ಸುಮಾರು 24.5 ಸೆಂಟಿಮೀಟರ್. ಎಚ್‌ಒ ಅಳತೆ, ಅಂದರೆ ನಿಜದ ಎಂಬತ್ತೇಳನೇ ಒಂದು ಪಾಲು. ಅಂಗಡಿಯಿಂದ ಬಂದಾಗ ಮೈತುಂಬ ಬಣ್ಣವಿತ್ತು. ಅದು ಸರಿಯಿಲ್ಲವೆಂದು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆದವನು ನಾನೇ. ಆಮೇಲೆ ನಾನೇ ಬಳಿದ ಬಣ್ಣವನ್ನೂ ಇನ್ನೊಮ್ಮೆ ತಿಕ್ಕಿ ತೆಗೆಯಬೇಕಾಯಿತು. ಅದರ ಕಥೆ ಹೇಳುತ್ತೇನೆ.

ಎಂಜಿನ್ನಿನ ಹೆಸರು ಇ8. ಜನರಲ್ ಮೋಟಾರ್ಸ್‌ನ ಎಲೆಕ್ಟ್ರೊ-ಮೋಟಿವ್ ವಿಭಾಗ 1949ರಿಂದ 1954ರವರೆಗೆ ಪ್ಯಾಸೆಂಜರ್ ರೈಲುಗಳಿಗೆಂದೇ ಕಟ್ಟಿದ ಡೀಸೆಲ್. ಹೊಟ್ಟೆಯೊಳಗೆ ಹನ್ನೆರಡು ಸಿಲಿಂಡರಿನ ಎರಡು ಎಂಜಿನ್, ಒಟ್ಟು 2,250 ಅಶ್ವಶಕ್ತಿ. ಹಿಂಭಾಗದಲ್ಲಿ ಒಂದು ಬಾಯ್ಲರ್. ಡೀಸೆಲ್ಲಿಗೆ ಬಾಯ್ಲರ್ ಯಾಕೆ ಎನ್ನಬೇಡಿ, ಅಮೆರಿಕದ ಚಳಿಗಾಲದಲ್ಲಿ ಡಬ್ಬಿಗಳನ್ನು ಬೆಚ್ಚಗಿಡಲು ಹಬೆ ಬೇಕಿತ್ತು. ಇದಕ್ಕೆ ಮುಂಚಿನ ಇ7ಕ್ಕೆ ಪಕ್ಕದಲ್ಲಿ ಚೌಕ ಕಿಟಕಿ, ಇ8ಕ್ಕೆ ಹಡಗಿನಂತೆ ದುಂಡು ಕಿಟಕಿ. ಮುಂದೆ ಬಂದ ಇ9ಕ್ಕೂ ಇ8ಕ್ಕೂ ಹೊರಗಿನಿಂದ ವ್ಯತ್ಯಾಸ ಹುಡುಕಬೇಕಾದರೆ ಹೆಡ್‌ಲೈಟಿನ ಗಾಜಿನ ಅಂಚನ್ನು ನೋಡಬೇಕು. ಇಷ್ಟು ತಿಳಿದರೆ ಎಂಜಿನ್ ಗೊತ್ತಾಯಿತು ಎಂದು ನಾನು ಬಹುಕಾಲ ನಂಬಿದ್ದೆ.

ಪೆನ್ಸಿಲ್ವೇನಿಯಾ ರೈಲ್‌ರೋಡ್‌ನ ಇ8 ಮಾಡಲು ಕೂತಾಗ ಆ ನಂಬಿಕೆ ಹೋಯಿತು. ಆ ಕಂಪನಿ ಪ್ಯಾಸೆಂಜರ್ ಡೀಸೆಲ್‌ಗಳಿಗೆ ಮೊದಲು ಹಚ್ಚಿದ್ದು ಕಡುಹಸಿರು, ಪಕ್ಕದಲ್ಲಿ ಐದು ಚಿನ್ನದ ಗೆರೆ. ಐವತ್ತರ ದಶಕದಲ್ಲಿ ಟಸ್ಕನ್ ಕೆಂಪು ಬಂತು. ನಮ್ಮ ಹಳೆಯ ರೈಲುಡಬ್ಬಿಗಳ ಕಂದುಗೆಂಪಿಗೆ ಅದು ದೂರದ ನೆಂಟ. ಆಮೇಲೆ ಐದು ಗೆರೆ ಹೋಗಿ ಒಂದೇ ದಪ್ಪ ಗೆರೆಯಾಯಿತು, ಕೊನೆಗೆ ಮತ್ತೆ ಹಸಿರು. 1968ರಲ್ಲಿ ಕಂಪನಿಯೇ ಇನ್ನೊಂದರೊಡನೆ ವಿಲೀನವಾಗಿ ಪೆನ್ ಸೆಂಟ್ರಲ್ ಆಯಿತು; ಎಂಜಿನ್‌ಗಳಿಗೆ ಕಪ್ಪು ಬಂತು. 1971ರ ಮೇ 1ರಂದು, ದೇಶದ ಪ್ಯಾಸೆಂಜರ್ ರೈಲುಗಳ ಹೊಣೆ ಹೊತ್ತ ಆಮ್‌ಟ್ರ್ಯಾಕ್ ಸಂಸ್ಥೆ ಓಡಾಟ ಶುರುಮಾಡಿದಾಗ ನಾಲ್ಕಾರು ಕಂಪನಿಗಳ ಎಂಜಿನ್‌ಗಳು ತಮ್ಮ ತಮ್ಮ ತವರಿನ ಬಣ್ಣದಲ್ಲೇ ಒಂದೇ ರೈಲಿಗೆ ಹೂಡಲ್ಪಟ್ಟು ಓಡಿದವು. ಒಂದೇ ಮೈ, ಇಪ್ಪತ್ತು ವರ್ಷದಲ್ಲಿ ಇಷ್ಟು ಅಂಗಿ. ಹಾಗಾಗಿ ಬಲ್ಲವರು ನಿಮ್ಮ ಎಂಜಿನ್ ಯಾವುದು ಎಂದು ಕೇಳುವುದಿಲ್ಲ. ಎಷ್ಟನೇ ನಂಬರು, ಯಾವ ವರ್ಷದ್ದು ಎಂದು ಕೇಳುತ್ತಾರೆ.

ನಾನು ಎಡವಿದ್ದು ಈ ವರ್ಷದ ಲೆಕ್ಕದಲ್ಲೇ. ಪೆನ್ಸಿಲ್ವೇನಿಯಾದವರು ಟ್ರೇನ್‌ಫೋನ್ ಎಂಬ ವ್ಯವಸ್ಥೆ ಇಟ್ಟುಕೊಂಡಿದ್ದರು. ಹಳಿಯಲ್ಲೂ ಪಕ್ಕದ ತಂತಿಗಳಲ್ಲೂ ಹರಿಯುವ ಸಂಕೇತವನ್ನು ಎಂಜಿನ್ ಹಿಡಿದುಕೊಳ್ಳುತ್ತಿತ್ತು. ಅದಕ್ಕಾಗಿ ಸೂರಿನ ಉದ್ದಕ್ಕೂ ಮಹಡಿ ಮೆಟ್ಟಿಲಿನ ಕೈಹಿಡಿಯಂಥ ಕಂಬಿ, ಕೆಳಗೆ ಸಾಲಾಗಿ ಪುಟ್ಟ ಊರುಗಾಲು. ಈ ಕಿರೀಟವೇ ಪೆನ್ಸಿಲ್ವೇನಿಯಾದ ಎಂಜಿನ್ನಿಗೆ ಶೋಭೆ ಎಂದು ನನಗೆ ಅನ್ನಿಸಿತ್ತು. ಕೂದಲೆಳೆಯ ಡ್ರಿಲ್ ಬಿಟ್ಟನ್ನು ಬೆರಳಲ್ಲೇ ತಿರುಗಿಸುತ್ತ, ಎರಡು ಮುರಿದು, ತೂತು ಕೊರೆದು, ಹಿತ್ತಾಳೆ ತಂತಿ ಬಾಗಿಸಿ ನಿಲ್ಲಿಸಿದೆ. ಮೇಲೆ ಹಸಿರು, ಒಂದೇ ದಪ್ಪ ಗೆರೆ. ನೋಡಿ ನೋಡಿ ಹಿಗ್ಗಿದೆ. ಹದಿನೈದು ದಿನ ಬಿಟ್ಟು ಅದೇ ನಂಬರಿನ ಎಂಜಿನ್ನಿನ ಹಳೆಯ ಸ್ಲೈಡೊಂದು ನೋಡಲು ಸಿಕ್ಕಿತು. ಅದೇ ಹಸಿರು, ಅದೇ ಗೆರೆ, ಸೂರು ಮಾತ್ರ ಬೋಳು. ಅರವತ್ತರ ದಶಕದಲ್ಲಿ ಸಾಮಾನ್ಯ ರೇಡಿಯೊ ಬಂದು ಆ ಕಂಬಿಗಳನ್ನು ಕೆಳಗಿಳಿಸಿದ್ದರು. ನಾನು ಒಂದು ಕಾಲದ ಅಂಗಿ ತೊಡಿಸಿ ಇನ್ನೊಂದು ಕಾಲದ ಪೇಟ ಸುತ್ತಿದ್ದೆ. ಕಂಬಿ ಕಿತ್ತೆ, ಕೊರೆದ ತೂತುಗಳಿಗೆಲ್ಲ ಪುಟ್ಟಿ ಮೆತ್ತಿದೆ, ಎಮೆರಿ ಪೇಪರ್ ಉಜ್ಜಿದೆ. ಬಣ್ಣವನ್ನೂ ತೆಗೆಯಬೇಕಾಯಿತು. ಯಾರೂ ನೋಡುವುದಿಲ್ಲವಲ್ಲ, ಇರಲಿ ಬಿಡು ಎಂದುಕೊಳ್ಳಬಹುದಿತ್ತು. ಆದರೆ ಒಮ್ಮೆ ತಿಳಿದ ಮೇಲೆ ನಾನೇ ನೋಡುತ್ತೇನಲ್ಲ.

ಇನ್ನು ಆ ಹಸಿರಿನ ವಿಚಾರ. ಕಂಪನಿಯ ಕಾಗದದಲ್ಲಿ ಅದರ ಹೆಸರು ಡಾರ್ಕ್ ಗ್ರೀನ್ ಲೋಕೊಮೋಟಿವ್ ಎನಾಮೆಲ್. ಜನ ಕರೆದದ್ದು ಬ್ರನ್ಸ್‌ವಿಕ್ ಹಸಿರು. ಕಣ್ಣಿಗೆ ಕಾಣುವುದು ಕಪ್ಪು! ಒಂದು ಡ್ರಮ್ಮು ಕಪ್ಪಿಗೆ ನಾಲ್ಕು ವೀಳ್ಯದೆಲೆ ಕಿವುಚಿ ಹಾಕಿದರೆ ಎಷ್ಟು ಹಸಿರಾದೀತೋ ಅಷ್ಟು. ಬಿಸಿಲಲ್ಲಿ ಓರೆಯಾಗಿ ನಿಂತಾಗ ಮಾತ್ರ ತಾನು ಹಸಿರೆಂದು ಒಪ್ಪಿಕೊಳ್ಳುತ್ತದೆ. ನಾನು ಬಾಟಲಿಗೆ ಹನಿ ಹನಿ ಸೇರಿಸಿ ಹದ ನೋಡುತ್ತಿದ್ದಾಗ ಮನೆಯವಳು ಬಾಗಿಲಲ್ಲಿ ನಿಂತು, ‘ಏನ್ರೀ, ಕಪ್ಪು ಬಳಿಯೋದಕ್ಕೆ ಮೂರು ದಿನ ಬೇಕಾ?’ ಎಂದಳು. ‘ಇದು ಹಸಿರು ಕಣೇ’ ಎಂದೆ. ಅವಳು ದೀಪ ಹಾಕಿ ಇನ್ನೊಮ್ಮೆ ನೋಡಿ, ಏನೂ ಹೇಳದೆ ಒಳಗೆ ಹೋದಳು.

ತಮಾಷೆಯೆಂದರೆ, ಅಸಲಿ ಎಂಜಿನ್ನಿನ ಮೈಯಿಂದಲೇ ಬಣ್ಣದ ಚಕ್ಕೆ ಎಬ್ಬಿಸಿ ತಂದು ಹೋಲಿಸಿ ಹಚ್ಚಿದರೂ ಮಾದರಿಯ ಮೇಲೆ ಅದು ಸುಳ್ಳಾಗಿ ಕಾಣುತ್ತದೆ. ಇಪ್ಪತ್ತೊಂದು ಮೀಟರ್ ಉದ್ದದ ಎಂಜಿನ್ನನ್ನು ನಾವು ದೂರದಿಂದ, ಬಯಲಿನ ಬೆಳಕಿನಲ್ಲಿ, ನಡುವಿನ ಗಾಳಿ ಧೂಳುಗಳ ಮೂಲಕ ನೋಡುತ್ತೇವೆ. ಗೇಣುದ್ದದ್ದನ್ನು ಕೋಣೆಯೊಳಗೆ ಮೂಗಿನ ಹತ್ತಿರ ಹಿಡಿದು ನೋಡುತ್ತೇವೆ. ಹಾಗಾಗಿ ತುಸು ತಿಳಿಬಣ್ಣ ಬೆರೆಸಿ, ಬೇಕೆಂದೇ ತಪ್ಪಿಸಬೇಕು. ಆಗಲೇ ಅದು ಸರಿ ಕಾಣುವುದು. ಎಷ್ಟು ಬೆರೆಸಬೇಕೆಂಬ ಸೂತ್ರ ಕೊಡುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಸಾರಿಗೆ ಉಪ್ಪು ಹಾಕಿದಂತೆ, ಕೈಯೇ ಕಲಿಯಬೇಕು.

ದಪ್ಪದ ಲೆಕ್ಕ ಮಾತ್ರ ಸೂತ್ರಕ್ಕೆ ಸಿಗುತ್ತದೆ. ತಲೆಗೂದಲಿನಷ್ಟು ದಪ್ಪಕ್ಕೆ ಬಣ್ಣ ಕೂತರೆ ಅಸಲಿಯ ಮೇಲೆ ಅರ್ಧ ಸೆಂಟಿಮೀಟರ್ ಗಾರೆ ಮೆತ್ತಿದ ಹಾಗೆ. ರಿವೆಟ್ಟುಗಳು, ಜಾಲರಿಯ ಸಂದುಗಳು ಎಲ್ಲ ಮುಳುಗಿಹೋಗುತ್ತವೆ. ಅದಕ್ಕೇ ಕುಂಚ ಬಿಟ್ಟು ಏರ್‌ಬ್ರಷ್ ಹಿಡಿಯುವುದು, ಮಂಜು ಕೂತಂತೆ ತೆಳುವಾಗಿ ನಾಲ್ಕು ಸಲ ಹಾಯಿಸುವುದು. ಡ್ರೈವರ್ ಹತ್ತಲು ಹಿಡಿಯುವ ಕಂಬಿಗೂ ಇದೇ ಮಾತು. 0.3 ಮಿಲಿಮೀಟರ್ ತಂತಿ ನನಗೆ ದಾರದಂತೆ ಕಂಡರೂ ನಿಜದ ಅಳತೆಯಲ್ಲಿ ಅದು ಎರಡೂವರೆ ಸೆಂಟಿಮೀಟರಿಗಿಂತ ದಪ್ಪ. ಬಣ್ಣದ ಮೇಲೆ ಹೊಳಪಿನ ವಾರ್ನಿಷ್ ಕೊಟ್ಟು ಆಮೇಲೆ ಗೆರೆ, ನಂಬರುಗಳ ಡೆಕಾಲ್ ಅಂಟಿಸಬೇಕು. ಒರಟು ಮೈಮೇಲೆ ಇಟ್ಟರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿನುಗುತ್ತದೆ. ಕೊನೆಗೆ ಹೊಳಪು ಕೊಲ್ಲುವ ವಾರ್ನಿಷ್.

ಅದಾದ ಮೇಲೆ ಕೊಳೆ. ಇಷ್ಟೆಲ್ಲ ಮಾಡಿ ಮಸಿ ಬಳಿಯುವುದಕ್ಕೆ ಧೈರ್ಯ ಬೇಕು, ನಿಜ. ಹೊಗೆ ಬರುವ ಕೊಳವೆಯ ಸುತ್ತ ಕಾಡಿಗೆ, ಚಕ್ರದ ಚೌಕಟ್ಟಿನ ಮೇಲೆ ಬ್ರೇಕಿನ ಕಂದು ಧೂಳು, ಡೀಸೆಲ್ ತುಂಬುವ ಬಾಯಿಯ ಕೆಳಗೆ ಒಂದು ಎಣ್ಣೆಯ ಜಾಡು. ಇಲ್ಲಿ ಅತಿಯಾಗಿ ಆಡುವವರನ್ನು ಕಂಡರೆ ನನಗೆ ಸಿಟ್ಟು. ಪ್ಯಾಸೆಂಜರ್ ಎಂಜಿನ್ನಿಗೆ ಮಾನ ಮರ್ಯಾದೆಯಿತ್ತು, ಅದನ್ನು ತೊಳೆಯುತ್ತಿದ್ದರು. ಐವತ್ತರ ದಶಕದ ಇ8ಕ್ಕೆ ಮೈತುಂಬ ತುಕ್ಕು ಹಚ್ಚುವುದು ಮದುಮಗನಿಗೆ ಕೆಸರು ಎರಚಿದಂತೆ. 1970ರ ಪೆನ್ ಸೆಂಟ್ರಲ್ ಆದರೆ ಬೇರೆ ಮಾತು. ಕಂಪನಿ ದಿವಾಳಿಯೆದ್ದ ವರ್ಷ ಅದು. ಎಷ್ಟು ಕೊಳೆ ಬಳಿದರೂ ಸೈ.

ನಮ್ಮ ಡೀಸೆಲ್‌ಗಳನ್ನೇ ಯಾಕೆ ಮಾಡಬಾರದು ಎಂದು ನೀವು ಕೇಳಬಹುದು. ಮಾಡುವವರಿದ್ದಾರೆ. ಅವರಿಗೆ ಮೊದಲ ತೊಡಕು ಹಳಿಯದೇ. ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್, ಅದು ಅಮೆರಿಕದ 1,435 ಮಿಲಿಮೀಟರಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1,676. ಲೆಕ್ಕಕ್ಕೆ 19 ಮಿಲಿಮೀಟರಿಗೂ ಹೆಚ್ಚು ಅಗಲ ಬೇಕು. ಸಿಗುವ ಹಳಿಯ ಮೇಲೆ ಇಟ್ಟರೆ ನಮ್ಮ ಎಂಜಿನ್ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಅದನ್ನಾದರೂ ಸಹಿಸಬಹುದು, ದೊಡ್ಡ ತೊಡಕು ಫೋಟೊಗಳದ್ದು. 2001ರಲ್ಲಿ ಹುಬ್ಬಳ್ಳಿ ಶೆಡ್ಡಿಗೆ ಬಂದ ಡಬ್ಲ್ಯುಡಿಪಿ-4 ಎಂಬ ಡೀಸೆಲ್ ನನ್ನ ಮೇಜಿನ ಮೇಲಿರುವ ಇ8ರ ವಂಶದ್ದೇ, ಅದೇ ಎಲೆಕ್ಟ್ರೊ-ಮೋಟಿವ್ ವಿನ್ಯಾಸ. ಎಳೆಯುವ ಅಚ್ಚುಗಳ ಜೊತೆಗೆ ಸುಮ್ಮನೆ ಭಾರ ಹೊರುವ ಅಚ್ಚೂ ಎರಡಕ್ಕೂ ಇದೆ. ಅದನ್ನು ಮಾಡೋಣವೆಂದು ಫೋಟೊ ಹುಡುಕಿದೆ. ಮುಂದಿನಿಂದ ಓರೆಯಾಗಿ ತೆಗೆದವು ರಾಶಿ ರಾಶಿ. ಸೂರಿನದು ಒಂದೆರಡು. ಹಿಂಬದಿಯದು ಇಲ್ಲವೇ ಇಲ್ಲ ಎನ್ನಬೇಕು.

ಕರ್ನಾಟಕದ ಹಳಿಗಳ ಮೇಲೆ ವಿದ್ಯುತ್ ತಂತಿ ಹರಡುತ್ತಿದೆ, ಡೀಸೆಲ್‌ಗಳು ಒಂದೊಂದಾಗಿ ಹಿಂದೆ ಸರಿಯುತ್ತಿವೆ. ಮುಂದಿನ ಸಲ ನಿಮ್ಮೂರಿನ ಸ್ಟೇಷನ್ನಿನ ಮೇಲ್ಸೇತುವೆ ದಾಟುವಾಗ ಕೆಳಗೆ ಡೀಸೆಲ್ ಎಂಜಿನ್ ನಿಂತಿದ್ದರೆ ಫೋನ್ ತೆಗೆದು ಅದರ ನೆತ್ತಿಯ ಒಂದು ಫೋಟೊ ತೆಗೆದಿಡಿ. ನಂಬರು ಕಾಣುವಂತೆ ಇನ್ನೊಂದು. ತಾರೀಖು ಬರೆದಿಡಲು ಮರೆಯಬೇಡಿ.